ಲೆಕ್ಕ ಯಾರ ಹೆಸರಿನಲ್ಲಿ



ಜಾಣರಾದ ಕೆಟ್ಟವರು ನಮ್ಮ ಕತೆಗಳಿಗೆ ಹೊಸಬರಲ್ಲ. ರಾವಣ ವೇದ ಬಲ್ಲವನು, ವೀಣೆ ನುಡಿಸಿದವನು. ಆದರೆ ಬಯಲಾಟದಲ್ಲಿ ಅವನು ರಂಗಕ್ಕೆ ಬರುವ ಗತ್ತಿನಲ್ಲೇ, ಇವನು ಯಾವ ಕಡೆಯವನೆಂದು ಕೂತವರಿಗೆಲ್ಲ ತಿಳಿದುಬಿಡುತ್ತದೆ. ಇಂದಿನ ಹುಡುಗರು ಆಡುವ ವಿಡಿಯೋ ಗೇಮುಗಳಲ್ಲಿ ಕೆಲವು ವಿಜ್ಞಾನಿಗಳು ಬರುತ್ತಾರೆ, ಅವರು ಅಷ್ಟು ಸುಲಭಕ್ಕೆ ಕೈಗೆ ಸಿಗುವವರಲ್ಲ.

ಕೆನಡಾದ ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್’ ಅಂಥದೊಂದು ಆಟ. 2010ರಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಮೋರ್ಡಿನ್ ಸೋಲಸ್ ಎಂಬ ವಿಜ್ಞಾನಿ ಸಿಗುತ್ತಾನೆ. ಪಟಪಟನೆ ಮಾತಾಡುವವನು, ಲಹರಿ ಬಂದರೆ ಹಾಡುವವನು. ಬಡವರ ಕೇರಿಯಲ್ಲಿ ದವಾಖಾನೆ ಇಟ್ಟುಕೊಂಡು ಪಿಡುಗಿಗೆ ಮದ್ದು ಕೊಡುತ್ತಿರುತ್ತಾನೆ. ಆಡುವವನು ಅವನನ್ನು ಮೆಚ್ಚಿಕೊಂಡ ಮೇಲೆ ಹಳೆಯ ಸಂಗತಿ ಹೊರಬೀಳುತ್ತದೆ. ಕ್ರೋಗನ್ ಎಂಬ ಕಾದಾಡುವ ಜನಾಂಗ ಬೆಳೆಯಬಾರದೆಂದು ಹಿಂದೊಮ್ಮೆ ಅವರ ಮೈಗೆ ಒಂದು ರೋಗ ಹತ್ತಿಸಿದ್ದರು. ಅವರ ಕೂಸುಗಳಲ್ಲಿ ಬಹುಪಾಲು ಸತ್ತೇ ಹುಟ್ಟುತ್ತವೆ. ತಲೆಮಾರುಗಳು ಕಳೆದು ಅವರ ಮೈ ಆ ರೋಗವನ್ನು ಮೀರತೊಡಗಿದಾಗ, ಅದಕ್ಕೆ ಮತ್ತೆ ಮೊನಚು ಕೊಟ್ಟವರಲ್ಲಿ ನಮ್ಮ ಮೋರ್ಡಿನ್ ಒಬ್ಬ. ಯಾಕೆ ಎಂದರೆ ತಡವರಿಸದೆ ಲೆಕ್ಕ ಒಪ್ಪಿಸುತ್ತಾನೆ: ಯುದ್ಧವಾಗಿದ್ದರೆ ಇದಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಇಲ್ಲಿ ತರುತ್ತಿರಲಿಲ್ಲ. ಅವನಿಗೊಬ್ಬ ಶಿಷ್ಯ. ಗುರು ಮಾಡಿದ್ದು ತಪ್ಪೆಂದು ಅನಿಸಿ, ರೋಗ ತೊಲಗಿಸುವ ಮದ್ದು ಹುಡುಕಲು ಹೊರಟವನು. ಉದ್ದೇಶ ಒಳ್ಳೆಯದೇ. ಆದರೆ ಆ ಮದ್ದಿಗಾಗಿ ಅವನು ಕ್ರೋಗನ್ನರ ಮೇಲೇ ಪ್ರಯೋಗ ಮಾಡಿ ಹೆಣಗಳನ್ನು ಉರುಳಿಸಿದ್ದಾನೆ. ಪ್ರಯೋಗದ ಮೇಜಿನ ಮೇಲೆ ಸತ್ತು ಬಿದ್ದ ಒಬ್ಬ ಹೆಂಗಸಿನ ಮುಂದೆ ನಿಂತಾಗ, ಅಲ್ಲಿಯವರೆಗೆ ಅಂಕಿಗಳಲ್ಲೇ ಮಾತಾಡಿದ ಮೋರ್ಡಿನ್ ತಡವರಿಸುತ್ತಾನೆ. ಅವನ ಲೆಕ್ಕದಲ್ಲಿ ಈ ಮುಖ ಇರಲಿಲ್ಲ. 2012ರ ಮೂರನೆಯ ಭಾಗದಲ್ಲಿ ಅವನೇ ಮದ್ದು ತಯಾರಿಸಿ ಅದನ್ನು ಹರಡಲು ಹೊರಡುತ್ತಾನೆ. ಜೀವ ಉಳಿಯುವ ಹಾದಿ ಅದಲ್ಲ ಎಂದು ಗೊತ್ತಿದ್ದೇ ಹೊರಡುತ್ತಾನೆ.

ಆಗ ಆಟ ನಿಂತು, ಆಡುವವನನ್ನು ಕೇಳುತ್ತದೆ. ಬೇಕಿದ್ದರೆ ಅವನನ್ನು ಹೋಗಗೊಡಬಹುದು, ಬೇಡವೆಂದರೆ ಬೆನ್ನಿಗೆ ಗುಂಡು ಹೊಡೆಯಬಹುದು.

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದುವವನು. ಈ ಜಾಗಕ್ಕೆ ಬಂದು ಕೈ ತಡೆದು ಕೂತಿದ್ದ. “ಮಾಮಾ, ಇವನ್ನ ಬಿಡ್ಲೋ, ತಡೀಲೋ?” ಅಂದ. “ನನಗೇನ ಕೇಳ್ತಿಯೋ, ಗುಂಡಿ ಇರೋದು ನಿನ್ನ ಕೈಯಾಗ” ಅಂದೆ. ಅವನು ಒತ್ತಲಿಲ್ಲ, ಬಿಟ್ಟುಬಿಟ್ಟ. ಆಮೇಲೆ ಅವನನ್ನು ಕಾಡಿದ್ದು ಮೋರ್ಡಿನ್ ಒಳ್ಳೆಯವನೋ ಕೆಟ್ಟವನೋ ಎಂಬುದಲ್ಲ. ನಾಳೆ ಕ್ರೋಗನ್ನರು ಮತ್ತೆ ದಂಡೆತ್ತಿ ಬಂದರೆ ಅದು ತನ್ನ ತಲೆಯ ಮೇಲೂ ಬರುತ್ತದಲ್ಲ ಎಂಬುದು. ವಿಜ್ಞಾನಿಯ ಪಾಪಪುಣ್ಯದಲ್ಲಿ ಆಡುವವನಿಗೂ ಪಾಲು ಕೊಟ್ಟದ್ದು ಈ ಕತೆ ಬರೆದವರ ನಿಜವಾದ ಜಾಣತನ.

ಈ ಪಾಲಿನ ಬಗ್ಗೆಯೇ ನಮ್ಮ ಕಡೆಯ ಒಂದು ಮಾತು. ಘಟಪ್ರಭೆ ಹುಕ್ಕೇರಿ ತಾಲೂಕಿನ ದಡ್ಡಿಯನ್ನು ಹಾದು ಬಂದು ಹಿಡಕಲ್ಲಿನ ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. 1977ರಲ್ಲಿ ಆ ಅಣೆಕಟ್ಟು ಮುಗಿದಾಗ ಹಿನ್ನೀರಿಗೆ ಊರುಗಳು ಹೋದವು, ಹೊಲಗಳು ಹೋದವು. ಹುನ್ನೂರಿನ ವಿಠ್ಠಲನ ಗುಡಿ ವರ್ಷದ ಹೆಚ್ಚು ಕಾಲ ನೀರಿನೊಳಗೇ ಇರುತ್ತದೆ. ಕೆಳಗೆ ಗೋಕಾಕ, ಮೂಡಲಗಿಯ ಕಡೆ ಅದೇ ನೀರು ಕಾಲುವೆಯಾಗಿ ಹರಿದು ಕಬ್ಬಾಯಿತು, ಮನೆಯಾಯಿತು, ಮಕ್ಕಳ ಓದಾಯಿತು. ಆ ಕಟ್ಟೆ ಬೇಡವಾಗಿತ್ತು ಎನ್ನುವ ಧೈರ್ಯ ನನಗಿಲ್ಲ. ಆದರೆ ಮುಳುಗಿದ ಊರಿನ ಮಾತು ಬಂದಾಗ “ಎಂಜಿನಿಯರರು ಮಾಡಿದ್ದು, ಸರಕಾರ ಮಾಡಿದ್ದು” ಅಂತೇವಲ್ಲ, ಬೆಳೆದ ಕಬ್ಬಿನ ಮಾತು ಬಂದಾಗ ಮಾತ್ರ “ನಮ್ಮದು” ಅಂತೇವೆ.

ಇಂಥದೇ ಇನ್ನೊಂದು ಲೆಕ್ಕ ನಮ್ಮ ನಾಡಿನ ದೊಡ್ಡ ವಿಜ್ಞಾನಿ, ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣನವರದು. ಪಿಯಾನೋ ನುಡಿಸುವುದರಲ್ಲಿ ಪಳಗಿದ ಕೈ. ಬೆಂಗಳೂರಿನಲ್ಲಿ ವಿಜ್ಞಾನದವರನ್ನೂ ತತ್ತ್ವಶಾಸ್ತ್ರದವರನ್ನೂ ಒಂದೇ ಸೂರಿನಡಿ ಕೂರಿಸಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರು. 1974ರ ಮೇ 18ರಂದು ಪೋಖ್ರಾನಿನ ಮರಳಿನಡಿಯಲ್ಲಿ ಭಾರತದ ಮೊದಲ ಅಣುಸ್ಫೋಟ ನಡೆಸಿದ ತಂಡದ ಮುಂದಾಳು ಅವರೇ. ಅದಕ್ಕೆ ಬೇಕಾದ ಪ್ಲುಟೋನಿಯಂ ಬಂದದ್ದು, ಶಾಂತಿಯ ಕೆಲಸಕ್ಕೆ ಮಾತ್ರ ಎಂಬ ಮಾತಿನ ಮೇಲೆ ಕೆನಡಾ ಕಟ್ಟಿಕೊಟ್ಟ ರಿಯಾಕ್ಟರಿನಿಂದ. ನಡೆದದ್ದು ಶಾಂತಿಯುತ ಉದ್ದೇಶದ ಸ್ಫೋಟ ಎಂದು ಸರಕಾರ ಹೇಳಿತು. ಆ ಬೆಳಗ್ಗೆ ದೇಶಕ್ಕೆ ಆ ಸುದ್ದಿ ಮುಟ್ಟಿಸಿದ್ದು ಆಕಾಶವಾಣಿ. ಕೆನಡಾ ನಂಬಲಿಲ್ಲ, ಅಣುಶಕ್ತಿಯ ಸಹಕಾರ ನಿಲ್ಲಿಸಿತು. ನಾವು ನಂಬಿದೆವು, ಅಥವಾ ನಂಬಿದಂತೆ ಇದ್ದೆವು. ಹಾಗಿರುವುದು ಹಿತವಾಗಿತ್ತು.

1997ರ ಅಕ್ಟೋಬರಿನಲ್ಲಿ ರಾಮಣ್ಣನವರು ಸುದ್ದಿಸಂಸ್ಥೆಯೊಂದಕ್ಕೆ ನೇರವಾಗಿ ಹೇಳಿದರು: ಅಂದು ಸಿಡಿಸಿದ್ದು ಬಾಂಬೇ, ಅದೇನು ಅಷ್ಟು ಶಾಂತಿಯುತವಾಗಿರಲಿಲ್ಲ. ಮಾಡಿದ್ದು ತಪ್ಪು ಎಂದು ಅವರು ಹೇಳಲಿಲ್ಲ, ಮಾಡಿದ್ದೇನು ಎಂದಷ್ಟೇ ಹೇಳಿದರು. ಇಪ್ಪತ್ಮೂರು ವರ್ಷ ತಡವಾಯಿತು, ನಿಜ. ಹೇಳಿದ್ದರಿಂದ ಕಳಕೊಳ್ಳುವುದೇನೂ ಉಳಿಯದ ಕಾಲಕ್ಕೆ ಹೇಳಿದರು ಎಂದೂ ಅನ್ನಬಹುದು. ಆದರೂ ನನಗೆ ಅದರಿಂದ ಅವರ ಮೇಲೆ ಗೌರವವೇ ಮೂಡುತ್ತದೆ. ಬಾಯಿ ಬಿಟ್ಟವರು ಅವರು. ಆ ಇಪ್ಪತ್ಮೂರು ವರ್ಷ ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು?

ಏಳು ತಿಂಗಳಲ್ಲಿ, 1998ರ ಮೇ 11ಕ್ಕೆ, ಪೋಖ್ರಾನಿನ ನೆಲ ಮತ್ತೆ ನಡುಗಿತು. ಈ ಸಲ ಸರಕಾರ ಶಾಂತಿಯ ಹೆಸರು ಹೇಳಲಿಲ್ಲ, ಅಸ್ತ್ರವನ್ನು ಅಸ್ತ್ರವೆಂದೇ ಹೇಳಿತು. ದೇಶದ ಬೀದಿಗಳಲ್ಲಿ ಪಟಾಕಿ ಹಾರಿದವು. ಅಂದು ಮಿಠಾಯಿ ಹಂಚಿದವರು ವಿಜ್ಞಾನಿಗಳಲ್ಲ, ನಮ್ಮಂಥವರು.