ಕಾಗದವೋ, ತೆರೆಯೋ? ಮೊದಲು ಅದರಲ್ಲಿ ಕನ್ನಡ ಇದೆಯೇ ನೋಡಿ!

(ರಾಜ್ಯೋತ್ಸವದ ಅಂಗವಾಗಿ ಬೆಂಗಳೂರಿನ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



‘ಇ-ರೀಡರ್ ಬೇಕೋ, ಅಚ್ಚಿನ ಪುಸ್ತಕ ಬೇಕೋ’ ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಈ ಮಾತು ಬಂದ ಕೂಡಲೇ ನಮ್ಮ ಹಿರಿಯರು ಹೊಸ ಪುಸ್ತಕದ ಪರಿಮಳ ವರ್ಣಿಸಲು ಶುರು ಮಾಡುತ್ತಾರೆ. ನಿಮ್ಮ ವಯಸ್ಸಿನವರು ‘ಒಂದು ಅಂಗೈಯಲ್ಲಿ ಸಾವಿರ ಪುಸ್ತಕ’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಆದರೆ ಇಬ್ಬರೂ ಕೇಳದ ಪ್ರಶ್ನೆಯೊಂದಿದೆ. ಆ ಸಾವಿರದಲ್ಲಿ ಕನ್ನಡದವು ಎಷ್ಟು?

ಕಳೆದ ತಿಂಗಳು ಮೆಟ್ರೋದಲ್ಲಿ ವೈಟ್‌ಫೀಲ್ಡ್ ಕಡೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಂಡ ಹುಡುಗ. ಕೈಯಲ್ಲಿ ಇ-ರೀಡರ್. ‘ಏನಪ್ಪ ಓದ್ತಿದ್ದೀಯ?’ ಎಂದೆ. ‘ಇಂಗ್ಲಿಷ್ ಕಾದಂಬರಿ ಸರ್, ವರ್ಷಕ್ಕೆ ಮೂವತ್ತು ಓದ್ತೀನಿ’ ಎಂದ. ಸಂತೋಷವಾಯಿತು. ‘ಕನ್ನಡದ್ದು?’ ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹೈಸ್ಕೂಲಲ್ಲಿ ಭೈರಪ್ಪ, ತೇಜಸ್ವಿ ಎಲ್ಲ ಓದಿದ್ದೆ ಸರ್. ಇದು ತಗೊಂಡ ಮೇಲೆ ನಿಂತೇ ಹೋಯ್ತು. ಬೇಕು ಅಂತ ಬಿಟ್ಟಿದ್ದಲ್ಲ. ಇದರಲ್ಲಿ ಸಿಗಲಿಲ್ಲ, ಅಷ್ಟೆ’ ಎಂದ.

ನಾನು ಏನಾದರೂ ಹೇಳುವಷ್ಟರಲ್ಲಿ ಅವನ ನಿಲ್ದಾಣ ಬಂತು, ಇಳಿದು ಹೋದ. ಅವನಿಗೆ ಹೇಳಬೇಕಾಗಿದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಯಂತ್ರದ ಗುಣ

ಮೊದಲು ಯಂತ್ರಕ್ಕೆ ನ್ಯಾಯ ಸಲ್ಲಿಸೋಣ. ಬೈಯುವ ಮೊದಲು ತಿಳಿದುಕೊಳ್ಳಬೇಕು. ಕಿಂಡಲ್ ಎಂಬ ಯಂತ್ರ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 2007ರ ನವೆಂಬರಿನಲ್ಲಿ. ಇದರ ತೆರೆ ನಿಮ್ಮ ಮೊಬೈಲಿನ ತೆರೆಯಂತಲ್ಲ. ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಗುಳಿಗೆಗಳು ಒಳಗಿರುತ್ತವೆ. ಪ್ರತಿ ಗುಳಿಗೆಯಲ್ಲೂ ಕಪ್ಪು ಕಣ, ಬಿಳಿ ಕಣ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಮೇಲೆ ಬಂದರೆ ಅಕ್ಷರ, ಬಿಳಿ ಮೇಲೆ ಬಂದರೆ ಹಾಳೆ. ಪುಟ ತಿರುಗಿಸುವಾಗ ಮಾತ್ರ ಕರೆಂಟು ಬೇಕು. ಅದಕ್ಕೇ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಬಿಸಿಲಲ್ಲೂ ಕಾಗದದಂತೆ ಓದಬಹುದು.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇರುವವರಿಗೆ ಪುಸ್ತಕದ ಭಾರ ಗೊತ್ತು. ಮನೆ ಬದಲಿಸುವಾಗ ಮಂಚಕ್ಕಿಂತ ಪುಸ್ತಕದ ಪೆಟ್ಟಿಗೆಯೇ ಹೆಚ್ಚು ತೂಕ. ದೆಹಲಿಯ ಹಾಸ್ಟೆಲಿನಲ್ಲೋ, ದುಬೈಯಲ್ಲೋ, ಅಮೆರಿಕದಲ್ಲೋ ಇರುವ ಕನ್ನಡಿಗನಿಗೆ ಕನ್ನಡ ಪುಸ್ತಕದ ಅಂಗಡಿ ಎಲ್ಲಿ ಸಿಗಬೇಕು? ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ದುಬಾರಿ. ಅಲ್ಲಿಗೆ ಇ-ಪುಸ್ತಕ ಒಂದು ನಿಮಿಷದಲ್ಲಿ ತಲುಪುತ್ತದೆ.

ನಿಮ್ಮ ಅಜ್ಜಿಗೆ ಕಣ್ಣು ಮಂಜಾಗಿದೆ ಎನ್ನಿ. ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ ಕೊಡಬಹುದು. ಕಣ್ಣೇ ಕಾಣದವರಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಅಂಧರು ಓದಬಲ್ಲ ರೂಪಕ್ಕೆ ಪುಸ್ತಕಗಳನ್ನು ಬದಲಿಸಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯಿದೆ 2012ರ ತಿದ್ದುಪಡಿಯಲ್ಲೇ ಅವಕಾಶ ಕೊಟ್ಟಿದೆ. ಕಾಗದದ ಪರಿಮಳದ ಬಗ್ಗೆ ಕವಿತೆ ಕಟ್ಟುವವರು ಈ ಓದುಗರನ್ನು ಮರೆಯಬಾರದು.

ಇನ್ನೊಂದು ಮಾತು. ಕನ್ನಡದಲ್ಲಿ ಒಂದು ಸಾಹಿತ್ಯ ಕೃತಿ ಸಾವಿರ ಪ್ರತಿ ಅಚ್ಚಾದರೆ ಅದೇ ದೊಡ್ಡದು. ಅವು ಮುಗಿದ ಮೇಲೆ ಮರುಮುದ್ರಣಕ್ಕೆ ಪ್ರಕಾಶಕರು ಹತ್ತು ಸಲ ಯೋಚಿಸುತ್ತಾರೆ. ಹೀಗೆ ಸತ್ತ ಒಳ್ಳೆಯ ಪುಸ್ತಕಗಳು ಎಷ್ಟೋ! ಇ-ಪುಸ್ತಕಕ್ಕೆ ‘ಪ್ರತಿಗಳು ಮುಗಿದಿವೆ’ ಎಂಬ ಮಾತೇ ಇಲ್ಲ.

ಯಂತ್ರದ ದೋಷ

ಈಗ ಇನ್ನೊಂದು ಮುಖ ನೋಡಿ. ಅವೆನ್ಯೂ ರಸ್ತೆಯಲ್ಲಿ ಐವತ್ತು ರೂಪಾಯಿಗೆ ಹಳೆಯ ಪುಸ್ತಕ ಕೊಂಡರೆ ಅದು ನಿಮ್ಮದು. ಓದಬಹುದು, ತಂಗಿಗೆ ಕೊಡಬಹುದು, ಮತ್ತೆ ಮಾರಬಹುದು. ಇ-ಪುಸ್ತಕಕ್ಕೆ ದುಡ್ಡು ಕೊಟ್ಟರೆ ಸಾಮಾನ್ಯವಾಗಿ ನಿಮಗೆ ಸಿಗುವುದು ಪುಸ್ತಕವಲ್ಲ, ಓದುವ ಅನುಮತಿ. ಕೊಟ್ಟವನು ಅದನ್ನು ಹಿಂದೆ ಪಡೆಯಬಲ್ಲ.

ಇದು ಉತ್ಪ್ರೇಕ್ಷೆ ಅಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ ತನ್ನ ಗಿರಾಕಿಗಳ ಕಿಂಡಲ್‌ಗಳಿಂದ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಾಟಕ್ಕೆ ಇಟ್ಟವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ಹಣ ವಾಪಸು ಬಂತು, ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕ ಯಾವುದು ಗೊತ್ತೇ? ಜನರ ಮೇಲೆ ಸದಾ ಕಣ್ಣಿಡುವ ಸರ್ಕಾರದ ಕಥೆ ಹೇಳುವ ಜಾರ್ಜ್ ಆರ್ವೆಲ್‌ನ ‘1984’! ಅದರ ಜೊತೆಗೆ ಅವನದೇ ‘ಅನಿಮಲ್ ಫಾರ್ಮ್’. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಜನ ಕೊಂಡಿದ್ದ ಪುಸ್ತಕಗಳೂ ಹೋದವು, ಹಣ ಮಾತ್ರ ಹಿಂತಿರುಗಿತು. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಇ-ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಯಂತ್ರಕ್ಕೆ ಹಾಕಿಕೊಳ್ಳುವ ಸೌಕರ್ಯವನ್ನೂ ಕಿತ್ತುಹಾಕಿತು.

ನಮ್ಮ ಸರ್ಕಾರದ ಧೋರಣೆಯೂ ವಿಚಿತ್ರ. 2017ರಲ್ಲಿ ಜಿಎಸ್‌ಟಿ ಬಂದಾಗ ಅಚ್ಚಿನ ಪುಸ್ತಕಕ್ಕೆ ತೆರಿಗೆ ಇಲ್ಲ, ಇ-ಪುಸ್ತಕಕ್ಕೆ 18% ತೆರಿಗೆ! 2018ರ ಜುಲೈಯಲ್ಲಿ ಅದನ್ನು 5%ಗೆ ಇಳಿಸಿದರು. ಅದೂ ಅಚ್ಚಿನಲ್ಲಿ ಬಂದಿರುವ ಪುಸ್ತಕದ ಇ-ರೂಪಕ್ಕೆ ಮಾತ್ರ. ಅದೇ ಪುಸ್ತಕ, ಅದೇ ಅಕ್ಷರ. ಕಾಗದ ಬಿಟ್ಟರೆ ತೆರಿಗೆ ಏಕೆ?

ಕನ್ನಡದ ಪ್ರಶ್ನೆ

ಗೆಳೆಯರೇ, ಈಗ ಅಸಲು ವಿಷಯಕ್ಕೆ ಬರುತ್ತೇನೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಯಾವ ಊರನ್ನು ದೇಶದ ತಂತ್ರಜ್ಞಾನದ ರಾಜಧಾನಿ ಎಂದು ಕರೆಯುತ್ತಾರೋ, ಆ ಊರಿನ ಭಾಷೆಯೇ ಇರಲಿಲ್ಲ!

ಕನ್ನಡಕ್ಕೆ ಜನ ಕಡಿಮೆ ಎಂದೇ? 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ, ಮಲಯಾಳಂನವರು 3.48 ಕೋಟಿ. ಮಲಯಾಳಂ ಬಂದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ. ಬಿಟ್ಟವರ ಸಾಲಿನಲ್ಲಿ ನಾವು ಒಬ್ಬರೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಎಂಟು ಕೋಟಿ ದಾಟಿದ ತೆಲುಗನ್ನೂ, ಒಂಬತ್ತು ಕೋಟಿ ದಾಟಿದ ಬಂಗಾಳಿಯನ್ನೂ ಬಿಟ್ಟಿದ್ದರು. ಅಂದಮೇಲೆ ಜನಸಂಖ್ಯೆ ಅವರ ಲೆಕ್ಕವಲ್ಲ. ಲಿಪಿಯ ತೊಂದರೆಯೇ? ಅದೂ ಅಲ್ಲ. ಯೂನಿಕೋಡ್ 1991ರಲ್ಲಿ ಮೊದಲ ಸಲ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು.

ವ್ಯಾಪಾರಿಯ ಲೆಕ್ಕ ಒಂದೇ: ಯಾರು ಕೇಳುತ್ತಾರೆ, ಯಾರು ಕೊಳ್ಳುತ್ತಾರೆ. ನಾವು ಕೇಳಿದೆವೇ? ಆ್ಯಪ್‌ನಲ್ಲಿ ಭಾಷೆ ಆರಿಸುವಾಗ ಇಂಗ್ಲಿಷ್ ಒತ್ತುತ್ತೇವೆ. ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಕನ್ನಡ ಗೊತ್ತಿರುವವರೇ ಎತ್ತಿದರೂ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಆಮೇಲೆ ನವೆಂಬರ್ ಒಂದರಂದು ಹಳದಿ ಕೆಂಪು ಶಲ್ಯ ಹಾಕಿಕೊಂಡು ‘ಕನ್ನಡಕ್ಕೆ ಅನ್ಯಾಯ’ ಎಂದು ಕೂಗುತ್ತೇವೆ. ನಮ್ಮ ನಿರಭಿಮಾನದ ಪಾಲನ್ನೂ ನಾವು ಒಪ್ಪಿಕೊಳ್ಳಬೇಕು.

ನಮ್ಮ ಪ್ರಕಾಶಕರ ಪಾಲೂ ಇದೆ. ವರ್ಷಗಟ್ಟಲೆ ಕನ್ನಡ ಪುಸ್ತಕಗಳ ಡಿಟಿಪಿ ನಡೆದದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ. ಅಲ್ಲಿ ಕಂಪ್ಯೂಟರಿನ ಪಾಲಿಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ಮುಖವಾಡ ಹಾಕುತ್ತದೆ. ಫಾಂಟು ತೆಗೆದರೆ ಉಳಿಯುವುದು ಅರ್ಥವಿಲ್ಲದ ಗೀಚು. ಅಂಥ ಕಡತ ಕಾಗದದ ಮೇಲೆ ಚೆನ್ನಾಗಿ ಅಚ್ಚಾಗುತ್ತದೆ. ಇ-ಪುಸ್ತಕ ಮಾಡಬೇಕೆಂದರೆ ಮಾತ್ರ ಇಡೀ ಪುಸ್ತಕವನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಕೆಟ್ಟಿವೆಯೇ ಎಂದು ಸಾಲುಸಾಲಾಗಿ ತಿದ್ದಬೇಕು. ಈ ಕೆಲಸಕ್ಕೆ ಅಂಜಿ ಪಿಡಿಎಫ್ ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಪಿಡಿಎಫ್ ಎಂದರೆ ಪುಟದ ಚಿತ್ರದಂತೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ತೆರೆಯ ಆಚೆ ಹೋಗುತ್ತದೆ. ಆ ಅಜ್ಜಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಕೈಕಟ್ಟಿ ಕೂತ ಜನ ನಾವಲ್ಲ

ಆದರೂ ಕನ್ನಡ ಯಾವ ಹೊಸ ಯಂತ್ರಕ್ಕೂ ಹೆದರಿದ್ದಿಲ್ಲ. ತಾಳೆಗರಿಯಿಂದ ಕಾಗದಕ್ಕೆ ಬಂದೆವು. 1817ರಲ್ಲಿ ದೂರದ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕೊಳ್ಳುವವರಿಲ್ಲ ಎಂದು ಗಳಗನಾಥರು ಮನೆಯಲ್ಲಿ ಕೂರಲಿಲ್ಲ. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದಲೇ ಬೆಳೆಯಿತು.

ಈ ಕಾಲದಲ್ಲೂ ಅದೇ ಛಲದವರಿದ್ದಾರೆ. ದೊಡ್ಡ ಕಂಪನಿ ಬಾಗಿಲು ತೆಗೆಯಲಿ ಎಂದು ಕಾಯದೆ 2020ರಲ್ಲಿ ಬೆಂಗಳೂರಿನ ಕನ್ನಡಿಗರೇ ‘ಮೈಲ್ಯಾಂಗ್’ ಎಂಬ ಇ-ಪುಸ್ತಕ, ಕೇಳುಪುಸ್ತಕಗಳ ಆ್ಯಪ್ ತಂದರು. ಗೂಗಲ್‌ನ ಪುಸ್ತಕದ ಅಂಗಡಿಯಲ್ಲೂ ಕನ್ನಡ ಇ-ಪುಸ್ತಕಗಳು ಮಾರಾಟವಾಗಿವೆ. ಅದೇ 2020ರಲ್ಲಿ ರಾಜ್ಯದ ಗ್ರಂಥಾಲಯ ಇಲಾಖೆ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭಿಸಿತು. ಇದು ಯಾರೋ ಕೊಟ್ಟ ಭಿಕ್ಷೆಯಲ್ಲ. 1965ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ವಸೂಲಾಗುತ್ತದೆ. ನೀವು ಕೊಡುವ ಬಾಡಿಗೆಯಲ್ಲೂ ಅದರ ಪಾಲಿದೆ. ಆ ಹಣಕ್ಕೆ ಕನ್ನಡ ಪುಸ್ತಕ, ಅಚ್ಚಿನದೂ ತೆರೆಯದೂ, ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ಯಾವುದು?

ನನ್ನ ತೀರ್ಪು ಇಷ್ಟೆ. ಮಕ್ಕಳಿಗೆ ಕಾಗದದ ಪುಸ್ತಕವೇ ಕೊಡಿ. ಅವರು ಅದನ್ನು ಮುಟ್ಟಲಿ, ಹರಿಯಲಿ, ಮೇಲೆ ಗೀಚಲಿ. ಮತ್ತೆ ಮತ್ತೆ ಓದುವ ಪುಸ್ತಕ, ಮೊಮ್ಮಕ್ಕಳಿಗೆ ಉಳಿಯಬೇಕಾದ ಪುಸ್ತಕ, ಮದುವೆಗೆ ಉಡುಗೊರೆ ಕೊಡುವ ಪುಸ್ತಕ ಕಾಗದದ್ದಾಗಿರಲಿ. ಯಾವ ಕಂಪನಿಯೂ ನಿಮ್ಮ ಕಪಾಟಿಗೆ ಕೈಹಾಕಿ ಅದನ್ನು ಅಳಿಸಲಾರದು. ಪ್ರಯಾಣಕ್ಕೆ, ಪರದೇಶಕ್ಕೆ, ಅಂಗಡಿಯಲ್ಲಿ ಸಿಗದ ಹಳೆಯ ಕೃತಿಗೆ, ಮಂಜುಗಣ್ಣಿಗೆ ಇ-ಪುಸ್ತಕ ಇರಲಿ. ಎರಡೂ ಬೇಕು.

ಒಂದು ಮಾತ್ರ ಆಗಕೂಡದು. ಯಾವ ಭಾಷೆಯಲ್ಲಿ ಓದಬೇಕು ಎಂಬುದನ್ನು ಯಂತ್ರ ತೀರ್ಮಾನಿಸಕೂಡದು. ಆ ಹುಡುಗನಿಗೆ ಆದದ್ದು ಅದೇ. ಕನ್ನಡ ಓದಬೇಡ ಎಂದು ಅವನಿಗೆ ಯಾರೂ ಹೇಳಲಿಲ್ಲ. ಯಾರೂ ತಡೆಯದೆಯೇ ಒಂದು ಭಾಷೆ ಒಬ್ಬ ಓದುಗನನ್ನು ಕಳೆದುಕೊಂಡಿತು. ನಿಷೇಧ ಹಾಕಿದ್ದರೆ ನಾವು ಬೀದಿಗಿಳಿಯುತ್ತಿದ್ದೆವು. ಹೀಗೆ ಸದ್ದಿಲ್ಲದೆ ನಡೆಯುವುದಕ್ಕೆ ಎದುರು ಹೇಗೆ ನಿಲ್ಲುವುದು?

1982ರಲ್ಲಿ ಗೋಕಾಕ್ ಚಳವಳಿಗೆ ಬಂದವರು ಶಾಲೆಯಲ್ಲಿ ಕನ್ನಡಕ್ಕೆ ಸ್ಥಾನ ಕೇಳಿದರು. ಇವತ್ತು ಶಾಲೆ, ಅಂಗಡಿ, ಬ್ಯಾಂಕು, ಗ್ರಂಥಾಲಯ ಎಲ್ಲವೂ ಗಾಜಿನ ತೆರೆಯೊಳಗೆ ಹೊಕ್ಕಿವೆ. ಸ್ಥಾನವನ್ನು ಅಲ್ಲಿಯೂ ಕೇಳಬೇಕು. ಅದಕ್ಕೆ ಕಲ್ಲು ಬೇಡ, ಘೋಷಣೆಯೂ ಬೇಡ. ನಾಲ್ಕು ಕೆಲಸ ಸಾಕು.

ಒಂದು, ತಿಂಗಳಿಗೊಂದು ಕನ್ನಡ ಪುಸ್ತಕ ದುಡ್ಡು ಕೊಟ್ಟು ಕೊಳ್ಳಿ. ಕಾಗದದ್ದೋ, ಇ-ಪುಸ್ತಕವೋ, ನಿಮ್ಮ ಇಷ್ಟ. ಕದ್ದ ಪಿಡಿಎಫ್ ಹಂಚಬೇಡಿ; ಅದು ಕನ್ನಡ ಲೇಖಕನ ಅನ್ನಕ್ಕೆ ಕಲ್ಲು ಹಾಕಿದಂತೆ. ಎರಡು, ಯಂತ್ರ ಕೊಳ್ಳುವ ಮೊದಲು ‘ಇದರಲ್ಲಿ ಕನ್ನಡ ಪುಸ್ತಕ ಸಿಗುತ್ತದೆಯೇ?’ ಎಂದು ಮಾರುವವರನ್ನು ಕನ್ನಡದಲ್ಲೇ ಕೇಳಿ. ಇಲ್ಲ ಎಂದರೆ ಕಂಪನಿಗೆ ಬರೆಯಿರಿ. ಒಬ್ಬರ ಪತ್ರ ಕಸದ ಬುಟ್ಟಿಗೆ ಹೋಗಬಹುದು, ಹತ್ತು ಸಾವಿರ ಪತ್ರ ಹೋಗುವುದಿಲ್ಲ. ಮೂರು, ನಿಮಗೆ ಪರಿಚಯದ ಲೇಖಕರು, ಪ್ರಕಾಶಕರು ಇದ್ದರೆ ಅವರ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ ಕೊಡಿ. ಕಂಪ್ಯೂಟರಿನ ಕೆಲಸ ಬಲ್ಲ ನಿಮಗೆ ಅದು ಕೆಲವು ಭಾನುವಾರಗಳ ಸೇವೆ. ನಾಲ್ಕು, ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಸದಸ್ಯರಾಗಿ, ಬೇಕಾದ ಪುಸ್ತಕದ ಹೆಸರು ಬರೆದುಕೊಟ್ಟು ಬನ್ನಿ.

ಈ ಸಭೆ ಮುಗಿಸಿ ಮನೆಗೆ ಹೋಗುವಾಗ ಬಸ್ಸಿನಲ್ಲೋ ಮೆಟ್ರೋದಲ್ಲೋ ನಿಮ್ಮ ಪಕ್ಕದಲ್ಲಿ ಆ ಹುಡುಗನಂಥವನು ಕೂತಿರಬಹುದು. ಅವನು ಇಳಿಯುವ ಮೊದಲು ಮಾತಾಡಿಸಿ. ಕನ್ನಡದ್ದು ಎಲ್ಲಿ ಸಿಗುತ್ತದೆ ಎಂದು ಹೇಳಿ ಕಳಿಸಿ. ನಾನು ತಡಮಾಡಿದೆ. ನೀವು ತಡಮಾಡಬೇಡಿ.