ಇನ್ನೂರ ಹದಿನಾಲ್ಕು ಕೋಟಿಯ ಗಡಿ

ಗಣಿತದ ಬಗ್ಗೆ ಮಾತಾಡ್ತೀನಿ ಅಂದಾಗ ನಮ್ಮ ವೇದಿಕೆಯ ಹಿರಿಯರೊಬ್ಬರು, "ಊಟದ ಹೊತ್ತಿಗೆ ಮುಗಿಸಮ್ಮ" ಅಂದರು. ಮುಗಿಸ್ತೀನಿ. ಒಂದೇ ಸಂಖ್ಯೆ: 2,14,74,83,647.

ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಇದು ಸಿಗುತ್ತದೆ. ಇದೊಂದು ಅವಿಭಾಜ್ಯ ಸಂಖ್ಯೆ ಎಂದು 1772ರಲ್ಲಿ ತೋರಿಸಿದವರು ಆಯ್ಲರ್, ಅದೂ ಕಣ್ಣು ಬಹುತೇಕ ಹೋಗಿದ್ದ ಕಾಲದಲ್ಲಿ. ಸಾಮಾನ್ಯ ದಾರಿ ಹಿಡಿದರೆ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಆದರೆ ಇದಕ್ಕೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ 1 ಉಳಿಯಬೇಕು. 8ರಿಂದ ಭಾಗಿಸಿದಾಗ 1 ಇಲ್ಲವೇ 7 ಉಳಿಯಬೇಕು. ಈ ಎರಡು ಜರಡಿ ಹಿಡಿದರೆ ನೋಡಬೇಕಾದ ಸಂಖ್ಯೆಗಳು ನಾನೂರಕ್ಕಿಂತ ಕಡಿಮೆ! ಅಕ್ಕಿ ಆರಿಸುವುದು ಗೊತ್ತಿರುವ ನಮಗೆ ಇದು ಹೊಸದೇನಲ್ಲ. ಇದನ್ನು ಮೂವತ್ತು ಎರಡುಗಳ ಗುಣಲಬ್ಧದಿಂದ ಗುಣಿಸಿದರೆ 6, 28ರ ಹಾಗೆ ಒಂದು ಪರಿಪೂರ್ಣ ಸಂಖ್ಯೆ ಬರುತ್ತದೆ, 19 ಅಂಕಿಗಳದ್ದು. ಅದನ್ನು ಓದಿ ಹೇಳುವ ಧೈರ್ಯ ನನಗಿಲ್ಲ.

ನನಗೆ ಈ ಸಂಖ್ಯೆ ಪರಿಚಯವಾದದ್ದು ಮಾತ್ರ ಬೇರೆ ರೀತಿ. ಕಂಪ್ಯೂಟರಿನಲ್ಲಿ 32 ಬಿಟ್‌ಗಳ ಜಾಗದಲ್ಲಿ, ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಎನ್ನುವುದಕ್ಕೆ ಹೋದರೆ, ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಒಂದು ಕೂಡಿಸಿದರೆ ಮೈನಸ್ಸಿಗೆ ಜಾರುತ್ತದೆ. ಹಲವು ಕಂಪ್ಯೂಟರುಗಳು ಕಾಲವನ್ನು ಎಣಿಸುವುದು 1970ರ ಜನವರಿ 1ರಿಂದ, ಸೆಕೆಂಡುಗಳಲ್ಲಿ. ಆ ಲೆಕ್ಕ ಈ ಸಂಖ್ಯೆ ಮುಟ್ಟುವುದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ ಹಳೆಯ ಯಂತ್ರಕ್ಕೆ 1901ರ ಡಿಸೆಂಬರ್!

ಹೆರಿಗೆ ರಜೆಗೆ ಹೊರಡುವ ಮುಂಚಿನ ವಾರ ನಾನೊಂದು ವಿಮೆ ಲೆಕ್ಕದ ಕೋಡ್ ಬರೆದುಕೊಟ್ಟಿದ್ದೆ. ಟೆಸ್ಟಿಂಗ್‌ನಲ್ಲಿದ್ದ ಹೊಸ ಹುಡುಗಿ ಬಂದು, "ದೀದಿ, ಈ ಮಗುವಿನ ಪಾಲಿಸಿ 1903ರಲ್ಲೇ ಮುಗಿದುಹೋಗಿದೆ" ಅಂದಳು. ಮುಗಿಯಬೇಕಿದ್ದದ್ದು 2039ರಲ್ಲಿ. ನಾನು ನೋಡಲೂ ಇಲ್ಲ. "ನಿನ್ನ ಡೇಟಾ ತಪ್ಪು" ಅಂತ ಎಲ್ಲರೆದುರು ವಾಪಸ್ ಕಳಿಸಿದೆ. ಅವಳು ವಾದ ಮಾಡಲಿಲ್ಲ. ಸಂಜೆ ಒಂದು ಚೀಟಿ ಮೇಜಿನ ಮೇಲಿತ್ತು: ಈ ಸಂಖ್ಯೆ, ಅದರ ಕೆಳಗೆ "+1". ನಾನೇ ದಿನಾಂಕಕ್ಕೆ 32 ಬಿಟ್ ಜಾಗ ಕೊಟ್ಟಿದ್ದೆ. ಎಂ.ಟೆಕ್ ಮಾಡಿದವಳು!

ರಾತ್ರಿ ಹತ್ತರವರೆಗೆ ಇಬ್ಬರೂ ಕೂತು 64 ಬಿಟ್‌ಗೆ ಬದಲಿಸಿದೆವು. ಅದು ಇನ್ನು 29,000 ಕೋಟಿ ವರ್ಷ ಸಾಲುತ್ತದೆ. ಮರುದಿನ ಮೀಟಿಂಗ್‌ನಲ್ಲಿ ತಪ್ಪು ನನ್ನದು, ಹಿಡಿದವಳು ಅವಳು ಎಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು.

ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಮೊನ್ನೆ ಮಗಳು ಅದನ್ನು ನೋಡಿ, "ಅಮ್ಮ, ಇದು ಯಾರ ಫೋನ್ ನಂಬರ್?" ಅಂದಳು.