ತೂತು ಬಿದ್ದ ಡಬರಿ ಕಲಿಸಿದ ಪಾಠ

(ಕಣಕಟ್ಟೆಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಬಡ್ಡಿ ಲೆಕ್ಕ ಇವುಗಳ ಬಗ್ಗೆ ಪ್ರತಿ ಸಭೆಯಲ್ಲೂ ಮಾತಾಡ್ತೀವಿ. ಇವತ್ತು ಪಾತ್ರೆಯ ತೂತಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೀವಿ. ನಗಬೇಡಿ. ಆ ತೂತಿನಿಂದ ನಮ್ಮ ಸಂಘದ ಹಣವೂ ಸೋರಿತು, ಒಬ್ಬ ಸದಸ್ಯೆಯ ಮನಸ್ಸೂ ನೊಂದಿತು.

ಮದುವೆ, ನಾಮಕರಣ, ತಿಥಿ ಕಾರ್ಯಗಳಿಗೆ ಬಾಡಿಗೆಗೆ ಕೊಡಲೆಂದು ನಮ್ಮ ಸಂಘದವರು ಉಳಿತಾಯದ ಹಣದಲ್ಲಿ ದೊಡ್ಡ ಸಿಲ್ವರ್ ಪಾತ್ರೆಗಳನ್ನು ತಂದಿಟ್ಟಿದ್ದೆವು. ನಾವು ಸಿಲ್ವರ್ ಅಂತ ಕರೆದರೂ ಅದು ಬೆಳ್ಳಿಯಲ್ಲ, ಅಲ್ಯೂಮಿನಿಯಂ. ಒಂದು ದಿನ ದೊಡ್ಡ ಡಬರಿಯ ತಳದಲ್ಲಿ ರಾಗಿ ಕಾಳಿನಷ್ಟು ತೂತು ಕಾಣಿಸಿತು. ಕೊನೆಗೆ ಅದನ್ನು ತೊಳೆದಿಟ್ಟ ಸದಸ್ಯೆಯನ್ನೇ ನಾವೆಲ್ಲ ಸೇರಿ ಬೈದೆವು, ದಂಡವನ್ನೂ ಹಾಕಿದೆವು. ಆಕೆ ಎರಡು ವಾರ ಸಭೆಗೇ ಬರಲಿಲ್ಲ.

ಊರಿಗೆ ಬಂದ ಒಬ್ಬ ಪಾತ್ರೆ ರಿಪೇರಿಯವರ ಹತ್ತಿರ ತಾಮ್ರದ ಚೂರು ಇಟ್ಟು ಬಡಿಸಿದೆವು. ಕೆಲವು ತಿಂಗಳಲ್ಲಿ ಆ ತೇಪೆಯ ಸುತ್ತಲೇ ಲೋಹ ಪುಡಿಪುಡಿಯಾಯಿತು. ಒಬ್ಬರ ಮನೆ ತಿಥಿಯ ದಿನ ಅರ್ಧ ಸಾರು ಒಲೆಗೆ ಸೋರಿ ಹೋಯಿತು. ಬಾಡಿಗೆ ವಾಪಸ್ಸು ಕೊಟ್ಟೆವು, ಮಾತೂ ಕೇಳಿದೆವು.

ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು: ತಪ್ಪು ತೊಳೆದವಳದ್ದಲ್ಲ, ನಮ್ಮೆಲ್ಲರದ್ದು. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ತೆಳುವಾದ ಒಂದು ಪದರ ಇರುತ್ತೆ. ಅದೇ ಅದರ ರಕ್ಷಣೆ. ಉಪ್ಪು, ಹುಣಸೆ ಹಾಕಿದ ಸಾರನ್ನು ರಾತ್ರಿಯೆಲ್ಲ ಅದರಲ್ಲೇ ಬಿಟ್ಟರೆ ಆ ಪದರ ಹರಿದು, ಒಳಗಿನಿಂದ ಸಣ್ಣ ಗುಳಿ ಬೀಳುತ್ತೆ. ಗುಳಿ ಆಳವಾದರೆ ತೂತು. ಸುಣ್ಣ, ಬಟ್ಟೆ ಸೋಡ, ಬೂದಿ ಹಾಕಿ ಉಜ್ಜಿದರೂ ಲೋಹ ಸವೆಯುತ್ತೆ. ಹಿತ್ತಾಳೆಗೆ ಒಳ್ಳೆಯದಾದದ್ದು ಇದಕ್ಕೆ ಒಳ್ಳೆಯದಲ್ಲ.

ಇನ್ನು ತಾಮ್ರದ ತೇಪೆ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ಉಪ್ಪು ನೀರು ಸೇರಿದರೆ ಬ್ಯಾಟರಿಯಲ್ಲಿ ನಡೆಯುವಂಥದ್ದೇ ಕೆಲಸ ಅಲ್ಲೂ ನಡೆಯುತ್ತೆ. ತಾಮ್ರ ಉಳಿಯುತ್ತೆ, ಅಲ್ಯೂಮಿನಿಯಂ ಕರಗುತ್ತೆ. ಅಲ್ಯೂಮಿನಿಯಂ ದೋಣಿಗಳ ತೂತು ಮುಚ್ಚುವವರೂ ಇದಕ್ಕೇ ಹೆದರುತ್ತಾರೆ. ಅವರು ಅಲ್ಯೂಮಿನಿಯಂ ರಿವೆಟನ್ನೇ ಹೊಡೀತಾರೆ. ದೋಣಿಯ ತಳದಲ್ಲಿ ಒಂದು ತಾಮ್ರದ ಕಾಸು ಉಪ್ಪು ನೀರಲ್ಲಿ ಬಿದ್ದಿದ್ದರೂ ಅಲ್ಲಿ ಗುಳಿ ಬೀಳುತ್ತೆ ಅಂತಾರೆ. ನೀರಿನ ಮೇಲೆ ಹೋಗುವ ದೋಣಿಗಿರಲಿ, ನೀರು ತುಂಬುವ ಪಾತ್ರೆಗಿರಲಿ, ನಿಯಮ ಒಂದೇ.

ಹಾಗಾದರೆ ಏನು ಮಾಡಬೇಕು? ನಾವು ಕಲಿತದ್ದು ಇಷ್ಟು:

1. ಬಾಡಿಗೆಗೆ ಕೊಡುವ ಮುಂಚೆ ಪಾತ್ರೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿ. ನೀರು ತುಂಬಿ ಒಣಗಿದ ಗೋಣಿಚೀಲದ ಮೇಲಿಡಿ. ಒದ್ದೆಯಾದ ಕಡೆ ಇದ್ದಿಲಿನಿಂದ ಗುರುತು ಹಾಕಿ.

2. ಅಡುಗೆ ಪಾತ್ರೆಯಲ್ಲಿ ಒಂದೇ ಒಂದು ಸಣ್ಣ ತೂತು ಇದ್ದರೆ ಅಲ್ಯೂಮಿನಿಯಂ ರಿವೆಟ್, ಎರಡೂ ಕಡೆ ಅಲ್ಯೂಮಿನಿಯಂ ವಾಷರ್ ಹಾಕಿಸಿ. ಸೀಸದ ಬೆಸುಗೆ ಬೇಡವೇ ಬೇಡ. ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು.

3. ಎಂ-ಸೀಲ್‌ನಂಥ ಅಂಟನ್ನು ಒಲೆಯ ಮೇಲಿಡುವ ಪಾತ್ರೆಗೆ ಹಚ್ಚಬೇಡಿ. ಬಿಸಿಗೆ ಅದು ಬಿಡುತ್ತೆ, ಊಟಕ್ಕೂ ಸೇರುತ್ತೆ. ದನಕ್ಕೆ ನೀರಿಡುವ ಬಕೆಟ್ಟಿಗೆ ಹಚ್ಚಬಹುದು. ತೂತಿನ ಸುತ್ತ ಎಮರಿ ಕಾಗದದಿಂದ ಹೊಳೆಯುವ ತನಕ ಉಜ್ಜಿ, ಚೆನ್ನಾಗಿ ಒಣಗಿಸಿ, ಎರಡು ಭಾಗವನ್ನೂ ಸಮನಾಗಿ ನಾದಿ, ಒಳಗೂ ಹೊರಗೂ ಒತ್ತಿ, ಒಂದು ದಿನ ಹಾಗೇ ಬಿಡಿ.

4. ತಳದ ತುಂಬ ಗುಳಿ ಇದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ತೂಕಕ್ಕೆ ಹಾಕಿ. ಹಳೆ ಅಲ್ಯೂಮಿನಿಯಂಗೆ ಬೆಲೆ ಇದೆ. ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಐದು ಪಾಲಿನಲ್ಲೇ ಹಳೆಯದನ್ನು ಕರಗಿಸಿ ಮತ್ತೆ ಬಳಸಬಹುದು.

ಇನ್ನೊಂದು ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡುವುದು ಸುರಕ್ಷಿತವಲ್ಲ ಎಂದು ಹೇಳಿದೆ. ಆದ್ದರಿಂದ ಹುಳಿ ಸಾರು, ಉಪ್ಪಿನಕಾಯಿಗೆ ಸ್ಟೀಲ್ ಅಥವಾ ಪಿಂಗಾಣಿ ಇರಲಿ. ಸಿಲ್ವರ್ ಪಾತ್ರೆ ನೀರು ಕಾಯಿಸಲು, ಅನ್ನ ಮಾಡಲು ಇರಲಿ. ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ಬೋರಲು ಹಾಕಿ.

ಕೊನೆಗೆ ನಾವು ಆ ತಂಗಿಯ ಮನೆಗೆ ಹೋದೆವು. ದಂಡದ ಹಣ ವಾಪಸ್ಸು ಕೊಟ್ಟು, ತಪ್ಪಾಯ್ತು ಕಣಮ್ಮ ಅಂದೆವು. ಆಕೆ ಹೇಳಿದ್ದು ಕೇಳಿ: "ಆ ತೂತು ನಂಗೆ ಮೂರು ತಿಂಗಳ ಹಿಂದೇನೇ ಕಂಡಿತ್ತು ಕಣಕ್ಕ. ಆಗ ಸೂಜಿ ಮೊನೆಯಷ್ಟಿತ್ತು. ದಂಡ ಹಾಕ್ತೀರಾ ಅಂತ ಬಾಯಿ ಬಿಡಲಿಲ್ಲ."

ನೋಡಿ, ನಮ್ಮ ದಂಡದ ಭಯವೇ ಆ ತೂತನ್ನು ದೊಡ್ಡದು ಮಾಡಿತು. ಈಗ ನಮ್ಮ ಸಂಘದಲ್ಲಿ ಪಾತ್ರೆಗೊಂದು ಪುಸ್ತಕ ಇದೆ. ತೂತು ಕಂಡವರು ಅದೇ ದಿನ ಬರೆಸಬೇಕು. ಬರೆಸಿದವರಿಗೆ ದಂಡ ಇಲ್ಲ. ಸಾಲದ ಕಂತು ತಪ್ಪಿದವರಿಗೂ ಇದೇ ಮಾತು ಹೇಳ್ತೀವಿ: ಸೂಜಿ ಮೊನೆಯಷ್ಟಿರುವಾಗಲೇ ಬಂದು ಹೇಳಿ, ಕೂತು ದಾರಿ ಹುಡುಕೋಣ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಸಂಘದ ಪಾತ್ರೆಗಳನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ.